ಸೋಲುವ ತಂಡದವರ ನಡುವೆ ಮೂರು ಶನಿವಾರ

ಅಕ್ಷತಾ, ಮಲ್ಲು,

ನಾನು ಗದಗಿಗೆ ಬಂದಿಳಿದ ದಿನ ನೀವು ಕೇಳಿದ್ದು ಲಂಡನ್ನಿನ ಅರಮನೆಯ ಬಗ್ಗೆ, ದೊಡ್ಡ ಗಡಿಯಾರದ ಬಗ್ಗೆ. ಎರಡನ್ನೂ ಬಸ್ಸಿನ ಕಿಟಕಿಯಿಂದ ನೋಡಿದೆ. ಗಾಜಿನ ಮೇಲೆ ಮಳೆನೀರು ಹರಿಯುತ್ತಿತ್ತು, ಅರ್ಧ ಕಂಡವು, ಅರ್ಧ ಕಾಣಲಿಲ್ಲ. ಅವುಗಳ ಫೋಟೋ ನಿಮ್ಮ ಅಪ್ಪನ ಮೊಬೈಲಿನಲ್ಲಿವೆ. ನನಗೆ ಹೇಳಬೇಕೆನಿಸಿದ್ದು ಬೇರೆ ಇತ್ತು. ನಾಲ್ಕು ಜನ ಸುತ್ತ ಕೂತಾಗ ಅದು ಬಾಯಿಗೆ ಬರಲಿಲ್ಲ. ಹಮ್ಮಿಗಿಯಲ್ಲಿ ಏಳನೇ ಇಯತ್ತೆ ಕಲಿತ ಕೈಗೆ ಬರೆಯಲು ಬರುತ್ತದೆ. ಓದಿಕೊಳ್ಳಿ.

ಮೊದಲ ವಾರ

ನಿಮ್ಮ ಶಾರದತ್ತೆ ಇರುವುದು ಮ್ಯಾಂಚೆಸ್ಟರಿನಿಂದ ರೈಲಿನಲ್ಲಿ ಒಂದು ತಾಸು ದೂರದ ಸಣ್ಣ ಊರಿನಲ್ಲಿ. ನಮ್ಮ ಮುಂಡರಗಿಯಷ್ಟು ಇದ್ದೀತು. ಅವಳು ಅಲ್ಲಿಯ ದವಾಖಾನೆಯಲ್ಲಿ ನರ್ಸು, ನನ್ನ ಅಳಿಯ, ನಿಮ್ಮ ಮಹಾಂತೇಶ ಮಾಮನಿಗೆ ಬ್ರೆಡ್ಡಿನ ಕಾರ್ಖಾನೆಯಲ್ಲಿ ಕೆಲಸ. ಮನೆಗಳು ಒಂದಕ್ಕೊಂದು ಹೆಗಲು ಹಚ್ಚಿ ಸಾಲಾಗಿ ನಿಂತಿವೆ. ಎಲ್ಲಕ್ಕೂ ಒಂದೇ ಕೆಂಪು ಇಟ್ಟಿಗೆ, ಒಂದೇ ಬಗೆಯ ಬಾಗಿಲು. ಮೂರನೆಯ ದಿನ ಕಸದ ಡಬ್ಬಿ ಹೊರಗಿಟ್ಟು ಬರಲು ಹೋದವಳು, ಮನೆ ತಪ್ಪಿ ಪಕ್ಕದವರ ಬಾಗಿಲನ್ನು ದಬ್ಬುತ್ತ ನಿಂತೆ. ಒಳಗಿನಿಂದ ಎತ್ತರದ ಮುದುಕರೊಬ್ಬರು ಬಂದು ಬಾಗಿಲು ತೆಗೆದು, ನನ್ನನ್ನು ನೋಡಿ 'ಸಾರಿ' ಅಂದರು. ತಪ್ಪು ಮಾಡಿದವಳು ನಾನು, ಕ್ಷಮೆ ಕೇಳಿದವರು ಅವರು. ಅವರ ಹೆಸರು ಕೆನ್. ಮೊದಲು ಬಸ್ ಓಡಿಸುತ್ತಿದ್ದರಂತೆ. ಮನೆಯೊಳಗೂ ಕೊರಳಿಗೆ ಹಸಿರು ಬಿಳಿ ಪಟ್ಟೆಯ ಮಫ್ಲರ್ ಸುತ್ತಿಕೊಂಡಿದ್ದರು.

ಆ ಬಣ್ಣ ಊರಿನ ಫುಟ್‌ಬಾಲ್ ತಂಡದ್ದು. ಟಿವಿಯಲ್ಲಿ ಬರುವ ದೊಡ್ಡ ತಂಡವಲ್ಲ. ಗೋಲು ಕಾಯುವವನು ವಾರವೆಲ್ಲ ನಳ ರಿಪೇರಿ ಮಾಡುತ್ತಾನೆ, ನಾಯಕ ಶಾಲೆಯ ಮಾಸ್ತರ. ಆ ವರ್ಷ ತಂಡ ಸೋಲುತ್ತಲೇ ಇತ್ತು. ವರ್ಷದ ಕಡೆಗೆ ಪಟ್ಟಿಯಲ್ಲಿ ಕೆಳಗಿರುವ ಎರಡು ತಂಡಗಳನ್ನು ಕೆಳಗಿನ ದರ್ಜೆಗೆ ಇಳಿಸಿಬಿಡುತ್ತಾರೆ. ನಮ್ಮಲ್ಲಿ ನಪಾಸಾದವರು ಅದೇ ಇಯತ್ತೆಯಲ್ಲಿ ಇನ್ನೊಂದು ವರ್ಷ ಕೂಡುತ್ತಾರೆ, ಅಲ್ಲಿ ಹಿಂದಿನ ಇಯತ್ತೆಗೇ ಕಳಿಸುತ್ತಾರೆ. ಈ ತಂಡ ಕೆಳಗಿನಿಂದ ಎರಡನೆಯದಾಗಿತ್ತು.

ಮಹಾಂತೇಶ ಮಾಮ ಉಳ್ಳಾಗಡ್ಡಿ ಹೆಚ್ಚುವಾಗಲೂ ಇದೇ ಮಾತು.

"ಈ ಕೋಚ್‌ಗ ತಲಿ ಅನ್ನೂದ ಇಲ್ಲರಿ, ಅತ್ತಿಯವ್ರ. ಒಂಬತ್ತನೇ ನಂಬರಿನವ ಮುದುಕ ಆಗ್ಯಾನ. ಓಡಾಕ ಆಗೂದಿಲ್ಲ, ಸಂತಿಗೆ ಹೊಂಟಾರಂಗ ನಡಕೋತ ಹೊಕ್ಕಾನ. ಆದ್ರೂ ವಾರಾ ವಾರಾ ಅವನ್ನ ಆಡಸ್ತಾನ."

"ಅವ್ವಾ, ನೀ ಹೂಂ ಅನಬ್ಯಾಡ" ಎಂದು ಶಾರದಾ ಒಲೆಯ ಕಡೆಯಿಂದ ಕೂಗಿದಳು. "ಹೂಂ ಅಂದ್ರ ಮುಗೀತು. ಊಟಾ ತಣ್ಣಗಾದ್ರೂ ಬಿಡೂದಿಲ್ಲ ಇವ್ರು."

ಅಳಿಯನೆದುರು ಅತ್ತೆ ಹೆಚ್ಚು ಮಾತಾಡುವ ರೂಢಿ ನಮ್ಮಲ್ಲಿಲ್ಲ. ಸೆರಗು ಸರಿಮಾಡಿಕೊಂಡು ಗೋಡೆಯ ಕಡೆ ಮುಖ ಮಾಡಿ ಉತ್ತರ ಕೊಡುತ್ತೇವೆ. ನಾನು ಹೂಂ ಅಂದದ್ದು ಗೋಡೆಗೆ. ಮಾಮ ಅದನ್ನೂ ಹಿಡಿದುಕೊಂಡು ಗೋಲು ಕಾಯುವವನ ಕಥೆ ಶುರು ಮಾಡಿದ.

ಆ ಶನಿವಾರ ತಂಡ ಬೇರೆ ಊರಿಗೆ ಆಡಲು ಹೋಗಿತ್ತು. ಕೆನ್ ಮತ್ತು ಮಹಾಂತೇಶ ಮಾಮ ಹೊರಡುವ ಹೊತ್ತಿಗೆ ನಾನು ಅಡುಗೆಮನೆಯ ಹಿಂದಿನ ಬಾಗಿಲಿನಿಂದ ಅಂಗಳಕ್ಕೆ ಹೋಗಿ ನಿಂತೆ. ನಿಮಗೊಂದು ಮಾತು ಹೇಳಬೇಕು. ಮಲ್ಲು, ನೀನು ಪರೀಕ್ಷೆಗೆ ಹೊರಟಾಗ 'ಆಯಿ ಎಲ್ಲಿ?' ಎಂದು ಮನೆಯೆಲ್ಲ ಹುಡುಕುತ್ತೀಯಲ್ಲ, ಆಗ ನಾನು ಹಿತ್ತಲಿನಲ್ಲಿ ಇರುತ್ತೇನೆ. ನಿಮ್ಮ ಅಜ್ಜ ತೀರಿಕೊಂಡ ಮೇಲೆ ಯಾರೇ ಒಳ್ಳೆಯ ಕೆಲಸಕ್ಕೆ ಹೊರಟರೂ ನಾನು ಎದುರಿಗೆ ಬರುವುದಿಲ್ಲ. ಗಂಡ ಸತ್ತವಳು ಎದುರಾದರೆ ಹೋದ ಕೆಲಸ ಕೆಡುತ್ತದೆ ಎನ್ನುತ್ತಾರೆ. ನಿಮ್ಮ ಅಪ್ಪ ಎಂದೂ ಹಾಗೆ ಅಂದಿಲ್ಲ, ನಿಮ್ಮ ಅವ್ವನೂ ಅಂದಿಲ್ಲ. ನಾನೇ ಸರಿಯುತ್ತೇನೆ. ಅನ್ನಿಸಿಕೊಂಡು ಸರಿಯುವುದಕ್ಕಿಂತ ಮೊದಲೇ ಸರಿಯುವುದು ಮೇಲು ಎಂದುಕೊಂಡಿದ್ದೆ.

ಅಂದು ನಾನು ಎದುರಾಗಿರಲಿಲ್ಲ. ಆದರೂ ತಂಡ ಸೋತಿತು. ಆ ಹೊತ್ತಿಗೆ ಅದು ನನಗೆ ಹೊಳೆಯಲಿಲ್ಲ.

ಮೊದಲನೆಯ ಶನಿವಾರ

ಮುಂದಿನ ವಾರ ಆಟ ಊರಲ್ಲೇ ಇತ್ತು. ಶಾರದಾಳಿಗೂ ಮಾಮನಿಗೂ ವರ್ಷದ ಟಿಕೀಟು ಇದೆ. ಅವಳಿಗೆ ಆ ದಿನ ಡ್ಯೂಟಿ ಬಂತು.

"ಅವ್ವಾ, ನನ್ನ ಜಾಗಾ ಖಾಲಿ ಬೀಳತೈತಿ. ನೀ ಹೋಗು."

"ನಾ ಒಲ್ಲೆವಾ. ಅವ್ರು ಒಂದು ಕೆಲಸಕ್ಕ ಹೊಂಟಾರ. ನಾ ಯಾಕ ನಡುವ?"

"ಕೆಲಸಾ? ಅವ್ರು ಹೊಂಟಿದ್ದು ಸೋಲಾಕ. ಎಂಟು ವಾರದಿಂದ ಸೋಲಾಕತ್ತಾರ, ನೀ ಹೋಗಿ ಮತ್ತೇನು ಕೆಡಸ್ತಿ?"

ಸೀರೆಯ ಮೇಲೆ ಅವಳ ದಪ್ಪ ಕೋಟು ಹಾಕಿಕೊಂಡು, ಕಾಲಿಗೆ ಅವಳದೇ ಬೂಟು ಹಾಕಿಕೊಂಡು ಹೊರಟೆ. ಬೂಟು ಒಂದು ಬೆರಳು ದೊಡ್ಡದಿತ್ತು.

ಮೈದಾನ ಮನೆಗಳ ನಡುವೆಯೇ ಇದೆ. ಒಂದು ಬದಿಗೆ ತಗಡಿನ ಚಾವಣಿ, ಅದರ ಕೆಳಗೆ ಮೆಟ್ಟಿಲು ಮೆಟ್ಟಿಲಾಗಿ ಪ್ಲಾಸ್ಟಿಕ್ ಕುರ್ಚಿಗಳು. ನನ್ನ ಬಲಕ್ಕೆ ಅಳಿಯ, ಎಡಕ್ಕೆ ಬ್ರೆಂಡಾ ಎಂಬ ದಪ್ಪನೆಯ ಹೆಂಗಸು, ನನ್ನದೇ ವಯಸ್ಸು, ತುಟಿಗೆ ಕೆಂಪು ಬಣ್ಣ. ಮುಂದಿನ ಸಾಲಿನಲ್ಲಿ ಕೆನ್. ಅಳಿಯನ ಪಕ್ಕದಲ್ಲಿ ಸಮನಾಗಿ ಕೂತದ್ದು ಜೀವನದಲ್ಲಿ ಅದೇ ಮೊದಲು. ಮುಖ ತಿರುಗಿಸೋಣವೆಂದರೆ ಗೋಡೆಯೂ ಇರಲಿಲ್ಲ.

ಒಬ್ಬರು ಎಲ್ಲರಿಗೂ ಕಾಗದದ ಲೋಟ ದಾಟಿಸಿದರು. ಚಹಾ ಎಂದುಕೊಂಡು ಬಾಯಿಗೆ ಒಯ್ದೆ. ವಾಸನೆ ಬೇರೆ ಇತ್ತು.

"ಕುಡೀಬ್ಯಾಡ್ರಿ, ಕುಡೀಬ್ಯಾಡ್ರಿ! ದನದ ಮಾಂಸದ ಸಾರು ಅದು" ಎಂದು ಮಾಮ ಲೋಟ ಕಸಿದುಕೊಂಡ. ಬ್ರೆಂಡಾಳಿಗೆ ವಿಷಯ ತಿಳಿದು ಅವಳ ಮುಖ ಬಿಳಿಚಿತು. ತನ್ನ ಫ್ಲಾಸ್ಕಿನಿಂದ ಚಹಾ ಬಗ್ಗಿಸಿ ಕೊಟ್ಟಳು, ಮೂರು ಸಲ 'ಸಾರಿ' ಅಂದಳು. ಅದೇ ಬಾಯಿಂದ ಮರುಕ್ಷಣ ಆಟ ನಡೆಸುವ ಪಂಚನಿಗೆ ಏನು ಬೈದಳೋ, ಮಾಮ ಅದನ್ನು ನನಗೆ ಹೇಳಲಿಲ್ಲ.

ಅಲ್ಲಿಯವರು ಹೇಳಿದ್ದನ್ನೆಲ್ಲ ಮಾಮ ನನಗೆ ಕನ್ನಡದಲ್ಲಿ ಹೇಳುತ್ತಿದ್ದ. ಆ ಕನ್ನಡ ಲಕ್ಷ್ಮೇಶ್ವರದ್ದು. ಹೀಗಾಗಿ ನನ್ನ ನೆನಪಿನಲ್ಲಿ ಕೆನ್, ಬ್ರೆಂಡಾ ಎಲ್ಲರೂ ಲಕ್ಷ್ಮೇಶ್ವರದವರ ಹಾಗೆಯೇ ಮಾತಾಡುತ್ತಾರೆ. ನಗಬೇಡಿ.

"ನಡುವಿನ ಸಾಲಿನ್ಯಾಗ ಇಬ್ಬರನ್ನ ಹಾಕ್ಯಾನ, ಮೂವರು ಬೇಕು" ಅಂದರು ಕೆನ್.

"ಮೂವರು ಹಾಕಿದ್ರ ಮುಂದ ಯಾರು, ನಿಮ್ಮವ್ವ ಆಡ್ತಾಳೇನು?" ಅಂದಳು ಬ್ರೆಂಡಾ.

"ನಮ್ಮವ್ವ ಆ ಒಂಬತ್ತಕ್ಕಿಂತ ಜೋರ್ ಓಡ್ತಿದ್ಲು."

ಹಿಂದಿನ ಸಾಲಿನವರು ಕೋಚ್‌ನನ್ನು ಆ ಸಂಜೆಯೇ ಓಡಿಸಬೇಕು ಅಂದರು. ಅವನು ಮೈದಾನದ ಅಂಚಿನಲ್ಲಿ ಕೈಕಟ್ಟಿ ನಿಂತಿದ್ದ. ಬೋಳುತಲೆ, ಕಪ್ಪು ಕೋಟು. ಇಷ್ಟೆಲ್ಲ ಅವನ ಕಿವಿಗೆ ಬೀಳುವಷ್ಟು ಹತ್ತಿರ. ಆದರೂ ಅವನು ಮೊದಲು ಬಂದು ನಿಂತಾಗ ಇದೇ ಜನ ಚಪ್ಪಾಳೆ ತಟ್ಟಿದ್ದರು. ಬೈಯುವುದರಲ್ಲೂ ಒಂದು ಸಲುಗೆ ಇದೆ ಅಲ್ಲಿ. ಮದುವೆಯಲ್ಲಿ ಬೀಗರ ಅಡುಗೆಗೆ ಹೆಸರಿಡುತ್ತ ಮೂರು ಸಲ ಬಡಿಸಿಕೊಂಡು ಉಣ್ಣುತ್ತೇವಲ್ಲ, ಹಾಗೆ.

ಕುರ್ಚಿಯಲ್ಲಿ ಕಾಲು ಇಳಿಬಿಟ್ಟು ಕೂತು ನನ್ನ ಮೊಣಕಾಲು ಹಿಡಿದುಕೊಂಡವು. ಯಾರೂ ನೋಡುತ್ತಿಲ್ಲವೆಂದು ಬೂಟು ಕಳಚಿ ಕೆಳಗಿಟ್ಟು, ಕಾಲು ಮಡಚಿ, ಚಕ್ಕಳಮಕ್ಕಳ ಹಾಕಿ ಕೂತೆ. ಮನೆಯ ಕಟ್ಟೆಯ ಮೇಲೆ ಕೂತ ಹಾಗೆ ಹಿತವಾಯಿತು. ಅಷ್ಟರಲ್ಲಿ ನಮ್ಮ ಕಡೆಯ ಹನ್ನೊಂದನೇ ನಂಬರಿನ ಹುಡುಗ ಎಡಗಡೆಯಿಂದ ಬಾಣದ ಹಾಗೆ ಬಂದು ಚೆಂಡನ್ನು ಬಲೆಗೆ ಹೊಡೆದ. ಎಲ್ಲರೂ ಎದ್ದು ಕುಣಿದರು. ಬ್ರೆಂಡಾಳ ಕಾಲಿಗೆ ಸಿಕ್ಕ ನನ್ನ ಒಂದು ಬೂಟು ನಾಲ್ಕು ಸಾಲು ಕೆಳಗೆ ಹಾರಿಹೋಯಿತು.

ನನಗೆ ನಾಚಿಕೆಯಿಂದ ಸತ್ತ ಹಾಗಾಯಿತು. ಬೂಟು ಕೈಯಿಂದ ಕೈಗೆ ದಾಟುತ್ತ ಮೇಲೆ ಬಂತು. ಹಾಕಿಕೊಳ್ಳಲು ಬಗ್ಗಿದೆ. ಕೆನ್ ಎರಡೂ ಕೈ ಎತ್ತಿ ತಡೆದರು.

"ಬ್ಯಾಡ ಅಂತಾರ್ರಿ" ಅಂದ ಮಾಮ. "ಬೂಟು ತಗದಾಗ ಗೋಲು ಬಿತ್ತು. ಆಟಾ ಮುಗಿಯೂತನಾ ಹಂಗ ಕುಂಡ್ರಬೇಕಂತ."

ಆ ಚಳಿಯಲ್ಲಿ ಕಾಲಿಗೆ ಬರೀ ಕಾಲುಚೀಲ. ಬ್ರೆಂಡಾ ತನ್ನ ಮಫ್ಲರ್ ಬಿಚ್ಚಿ ನನ್ನ ಕಾಲಿಗೆ ಸುತ್ತಿದಳು. ಕೊರಳಿನ ಬಟ್ಟೆಯನ್ನು ಕಾಲಿಗೆ ಸುತ್ತುವುದೆಂದರೇನು! ಬೇಡವೆಂದು ನಾನು ಎಳೆದರೆ ಅವಳೂ ಎಳೆದಳು. ಕಡೆಗೆ ಅವಳೇ ಗೆದ್ದಳು. ತಂಡವೂ ಗೆದ್ದಿತು.

ಸೋಮವಾರ, ಬೀದಿಯಲ್ಲಿ

ಕೆನ್ ಬೆಳಗ್ಗೆ ಬೇಲಿಯಾಚೆಯಿಂದ ಹೆಬ್ಬೆರಳು ಎತ್ತಿ ತೋರಿಸಿದರು. ಹಾಲು ತರಲು ಹೋದರೆ ಅಂಗಡಿಯವಳು ಏನೋ ಹೇಳಿ ನನ್ನ ಕಾಲಿನ ಕಡೆ ನೋಡಿ ನಕ್ಕಳು. ಸಂಜೆ ಮಾಮ ಅದನ್ನು ಬಿಡಿಸಿ ಹೇಳಿದ.

"ಎಲ್ಲಾರೂ ಕೇಳಾಕತ್ತಾರ್ರಿ, ನೀವು ಎಷ್ಟು ದಿನಾ ಇರ್ತೀರಿ ಅಂತ. ನೀವು ಈ ತಂಡಕ್ಕ ಒಳ್ಳೆ ಶಕುನ ಅಂತ."

ನಾನು ಎದ್ದು ಹಾಲು ಕಾಯಿಸಲು ಹೋದೆ.

ಆ ಊರಿನವರ ಶಕುನಗಳನ್ನು ಕೇಳಿ. ಕೆನ್ ವರ್ಷದ ಆಟ ಶುರುವಾದಾಗಿನಿಂದ ಆ ಮಫ್ಲರ್ ಒಗೆದಿಲ್ಲ. ಬ್ರೆಂಡಾ ಮೂರನೆಯ ಗೇಟಿನಲ್ಲೇ ಒಳಗೆ ಬರುತ್ತಾಳೆ, ಬೇರೆ ಗೇಟು ಖಾಲಿಯಿದ್ದರೂ ಮಳೆಯಲ್ಲಿ ನಿಲ್ಲುತ್ತಾಳೆ. ನಿಮ್ಮ ಮಾಮ ಹರಿದ ಒಂದು ಕಾಲುಚೀಲವನ್ನು ಶಾರದಾಳ ಕೈಗೆ ಸಿಗದ ಹಾಗೆ ಅಡಗಿಸಿಟ್ಟಿದ್ದಾನೆ. ಬೆಕ್ಕು ಅಡ್ಡ ಬಂದರೆ ನಿಲ್ಲುವ, ಗಾಡಿಗೆ ಲಿಂಬೆಹಣ್ಣು ಮೆಣಸಿನಕಾಯಿ ಕಟ್ಟುವ ನಮ್ಮವರಿಗೂ ಇವರಿಗೂ ಏನು ಫರಕು? ಒಂದು ಫರಕು ಕಂಡಿತು. ಅವರ ಶಕುನದಲ್ಲಿ ನಾನು ಒಳ್ಳೆಯ ಕಡೆ ಇದ್ದೆ.

ಅದರಿಂದಲೇ ನನಗೆ ಭಯವಾಯಿತು. ಇವರಿಗೆ ನಾನು ಯಾರೆಂದು ಗೊತ್ತಿಲ್ಲ. ಗೊತ್ತಾದರೆ?

ಎರಡನೆಯ ಶನಿವಾರ

ಶಾರದಾ ತನ್ನ ಜಾಗ ಬಿಟ್ಟುಕೊಟ್ಟಳು. ನಾನು ಶೇಂಗಾ ಹೋಳಿಗೆ ಮಾಡಿ ಒಯ್ದಿದ್ದೆ. ಕೆನ್ ಎರಡು ತಿಂದು, ಮೂರನೆಯದನ್ನು ಗೋಲು ಬೀಳಲೆಂದು ಕಿಸೆಯಲ್ಲಿಟ್ಟುಕೊಂಡರು.

ಆಟದ ನಡುವಿನ ಬಿಡುವಿನಲ್ಲಿ ಬ್ರೆಂಡಾ ಮಾಮನ ಮೂಲಕ ಕೇಳಿದಳು, ನಿಮ್ಮ ಯಜಮಾನರು ಬಂದಿಲ್ಲವೇ ಎಂದು. ಈಗ ಬಂತು ನೋಡು ಎಂದುಕೊಂಡೆ. ತೀರಿಕೊಂಡು ಒಂಬತ್ತು ವರ್ಷವಾಯಿತೆಂದು ಹೇಳಿಸಿದೆ. ಅವಳು ಸರಿದು ಕೂರಬಹುದೆಂದು ಅವಳ ಕೋಟಿನ ಅಂಚನ್ನೇ ನೋಡುತ್ತಿದ್ದೆ.

ಅವಳು ಸರಿಯಲಿಲ್ಲ. ನಾನು ಕೂತ ಕುರ್ಚಿಯನ್ನು ತಟ್ಟಿ ಏನೋ ಹೇಳಿದಳು.

"ಇವ್ರ ಗಂಡನೂ ಹೋಗಿ ಆರು ವರ್ಷ ಆತಂತ್ರಿ" ಅಂದ ಮಾಮ. "ಈ ಜಾಗಾ ಮೊದಲ ಅವ್ರದ ಇತ್ತಂತ. ಇದ್ದಿದ್ರ ಈ ಕೋಚ್‌ನ ದಸರಾ ಹೊತ್ತಿಗೇ ಕಳಸ್ತಿದ್ರು ಅಂತಾರ." ದಸರಾ ಅವಳು ಅಂದದ್ದಲ್ಲ, ಮಾಮನದೇ.

ಗಂಡ ಸತ್ತವಳು ಕೆಂಪು ತುಟಿಯಲ್ಲಿ ಗಟ್ಟಿಯಾಗಿ ಬೈಯುತ್ತ ಎಲ್ಲರ ನಡುವೆ ಕೂತಿದ್ದಳು. ಅವಳಿದ್ದಾಳೆಂದು ಯಾರೂ ಆಟ ಬಿಟ್ಟು ಎದ್ದುಹೋಗಿರಲಿಲ್ಲ. ಅವಳನ್ನೇ ತಿರುತಿರುಗಿ ನೋಡಿದೆ. ಮುಖಕ್ಕೆ ಏನಾದರೂ ಅಂಟಿದೆಯೇ ಎಂದು ಅವಳು ಕೈಯಿಂದ ಒರೆಸಿಕೊಂಡಳು.

ಆ ದಿನ ಸೋಲುತ್ತಿದ್ದ ಆಟ ಕಡೆಯ ಗಳಿಗೆಯಲ್ಲಿ ಸಮವಾಯಿತು. ನನ್ನ ಬೂಟು ಬ್ರೆಂಡಾಳ ಮಡಿಲಲ್ಲಿತ್ತು. ಕೆನ್ ಬಂದು ಆ ಬೂಟಿನ ತುದಿಯನ್ನು ಮುಟ್ಟಿ ಹೋದರು.

ಕೊನೆಯ ಆಟಕ್ಕೆ ಮೊದಲು

ಮುಂದಿನ ಆಟ ದೂರದ ಊರಿನಲ್ಲಿತ್ತು, ನಾನು ಹೋಗಲಿಲ್ಲ. ನಾಲ್ಕು ಗೋಲು ತಿಂದು ಬಂದರು. ಈಗ ಉಳಿದದ್ದು ಒಂದೇ ಆಟ, ನಮ್ಮೂರಲ್ಲಿ. ಗೆದ್ದರೆ ಈ ದರ್ಜೆಯಲ್ಲಿ ಉಳಿಯುತ್ತಾರೆ, ಇಲ್ಲವೆಂದರೆ ಇಳಿಯುತ್ತಾರೆ.

"ನೀ ಹೋಗಲಿಲ್ಲ, ಸೋತ್ರು" ಎಂದು ಶಾರದಾ ನಕ್ಕಳು.

ನನಗೆ ನಗು ಬರಲಿಲ್ಲ. "ಈ ಸಲ ನಾ ಹೋಗೂದಿಲ್ಲವಾ."

"ಯಾಕವಾ?"

"ನಾ ಕುಂತಾಗ ಸೋತ್ರ? ಇಲ್ಲಿ ಯಾರೂ ನನ್ನ ಅಪಶಕುನ ಅಂತ ನೋಡಿಲ್ಲ. ನೋಡಾಕ ಹಚ್ಚಬ್ಯಾಡ."

ಅವಳು ಕೈಯಲ್ಲಿದ್ದ ಬಟ್ಟೆ ಕೆಳಗಿಟ್ಟಳು. "ಅವ್ವಾ, ನಾ ಡ್ಯೂಟಿಗೆ ಹೊಂಟಾಗೊಮ್ಮೆ ನೀ ಹಿಂದಿನ ಅಂಗಳಕ್ಕ ಹೊಕ್ಕಿ. ನನಗ ತಿಳಿಯೂದಿಲ್ಲ ಅಂದಿಯೇನು? ಹೋದ ಸೋಮವಾರ ತಿರುಗಿ ಬಂದು ಹಿಂದಿನ ಬಾಗಿಲಿನಿಂದ ನಿನ್ನ ಮಾರಿ ನೋಡೇ ಹೋಗೀನಿ. ಯಾರೂ ಸತ್ತಿಲ್ಲ ನನ್ನ ವಾರ್ಡಿನ್ಯಾಗ."

ಅವಳು ಕೆಳಗಿಟ್ಟ ಬಟ್ಟೆಯನ್ನು ಎತ್ತಿ ಮಡಚಿದೆ. ಹೋಗುತ್ತೇನೆಂದು ನಾನು ಹೇಳಲಿಲ್ಲ. ಶನಿವಾರ ಮಧ್ಯಾಹ್ನ ಬಾಗಿಲು ಬಡಿದ ಸದ್ದಾಯಿತು. ಬ್ರೆಂಡಾ ಬಂದಿದ್ದಳು, ಕೈಯಲ್ಲಿ ದಪ್ಪ ಉಣ್ಣೆಯ ಕಾಲುಚೀಲ, ಹಸಿರು ಬಿಳಿ ಪಟ್ಟೆಯದು. ತಾನೇ ಹೆಣೆದದ್ದಂತೆ. ಬಾಗಿಲಿಗೆ ಬಂದು ನಿಂತವಳಿಗೆ ಒಲ್ಲೆ ಅನ್ನುವುದು ಹೇಗೆ?

ಕೊನೆಯ ಶನಿವಾರ

ಅಷ್ಟು ಜನ ಅಲ್ಲಿ ಸೇರಿದ್ದನ್ನು ನಾನು ಕಂಡಿರಲಿಲ್ಲ. ಹಿಂದಿನ ಸಾಲಿನ ಹೊಸಬರು ಕೂಡ ನನ್ನ ಕಾಲು ನೋಡಿ ತಲೆಯಾಡಿಸಿದರು. ಬೂಟು ಕಳಚಿ, ಬ್ರೆಂಡಾಳ ಕಾಲುಚೀಲ ಹಾಕಿ, ಕಾಲು ಮಡಚಿ ಕೂತೆ.

ಮೊದಲರ್ಧದಲ್ಲಿ ಹನ್ನೊಂದನೇ ನಂಬರಿನವನು ಎಡಗಡೆಯಿಂದ ನುಗ್ಗಿ ಗೋಲು ಹೊಡೆದ. ಕೆನ್ ಹಿಂದೆ ತಿರುಗಿ ನನ್ನ ಕೈ ಹಿಡಿದು ಕುಲುಕಿದರು. ಆಮೇಲೆ ಕೋಚ್ ಆಟಗಾರರ ಜಾಗ ಬದಲಿಸಿದ. ಮುದುಕ ಒಂಬತ್ತನೆಯವನು ದಣಿದಿದ್ದ. ಅವನನ್ನು ತೆಗೆದು, ಎದುರಾಳಿಯನ್ನು ತಡೆಯುವವನೊಬ್ಬನನ್ನು ಇಳಿಸಿದ. ಹನ್ನೊಂದನೆಯವನನ್ನು ಎಡದಿಂದ ಬಲಕ್ಕೆ ಕಳಿಸಿದ. ಹುಡುಗ ಅಲ್ಲಿಂದಲೂ ಒಳಗೊಳಗೆ ಎಡಕ್ಕೇ ಸರಿಯುತ್ತಿದ್ದ. ತನ್ನವರಿಗೇ ಅಡ್ಡ ಬರುತ್ತಿದ್ದ. ಚೆಂಡು ಅವನ ಕಾಲಿಗೆ ಸಿಕ್ಕಾಗಲೆಲ್ಲ ಒಂದು ಗಳಿಗೆ ನಿಂತುಬಿಡುತ್ತಿದ್ದ.

ಎದುರಾಳಿಗಳು ಒಂದು ಗೋಲು ಹೊಡೆದರು. ಮುಗಿಯಲು ಸ್ವಲ್ಪ ಹೊತ್ತಿದೆ ಅನ್ನುವಾಗ ಇನ್ನೊಂದು.

ಆಟ ಮುಗಿದ ಸೀಟಿ ಕೇಳಿತು. ಮೈದಾನದಲ್ಲಿ ಗೋಲು ಕಾಯುವವನು ಕೂತುಬಿಟ್ಟಿದ್ದ. ಕೋಚ್ ಹೋಗಿ ಅವನನ್ನು ಎಬ್ಬಿಸಿದ. ಆ ಕೋಚ್‌ಗೂ ಜನ ಚಪ್ಪಾಳೆ ತಟ್ಟಿದರು, ಅಳುತ್ತಲೇ ತಟ್ಟಿದರು. ನಾನು ತಲೆ ತುಂಬ ಸೆರಗು ಹೊದ್ದು ಬೂಟು ಹುಡುಕಿದೆ. ಯಾರಾದರೂ ತಿರುಗಿ ನೋಡುವುದರೊಳಗೆ ಮೆಟ್ಟಿಲು ಇಳಿದುಬಿಡಬೇಕು ಎಂದಷ್ಟೇ ಇತ್ತು. ಬೂಟಿನ ದಾರ ಕೈಗೆ ಹತ್ತಲಿಲ್ಲ.

ಕೆನ್ ತಿರುಗಿದರು. ನಾನು ಕಣ್ಣು ಮುಚ್ಚಿದೆ.

"ಒಂಬತ್ತನೆಯವನ್ನ ತಗೀಬಾರದಿತ್ತು" ಅಂದರು.

"ವರ್ಷಪೂರ್ತಿ ಅವನ್ನ ತಗೀರಿ ತಗೀರಿ ಅಂದಾವ ನೀನ!" ಅಂದಳು ಬ್ರೆಂಡಾ, ಮೂಗು ಒರೆಸಿಕೊಳ್ಳುತ್ತ.

"ಇವತ್ತು ಅಂದಿದ್ದಿಲ್ಲ."

"ತಪ್ಪು ಕೋಚ್‌ಂದಲ್ಲ, ಗೋಲು ಕಾಯೋವಂದು" ಎಂದರು ಹಿಂದಿನವರು. ಅಲ್ಲ, ಹೊಸಬನನ್ನು ಇಳಿಸಿದ್ದು ತಪ್ಪು. ಅಲ್ಲ, ಹೋದ ಚಳಿಗಾಲದಲ್ಲಿ ಒಳ್ಳೆಯವನೊಬ್ಬನನ್ನು ಬೇರೆ ತಂಡಕ್ಕೆ ಬಿಟ್ಟುಕೊಟ್ಟದ್ದು ತಪ್ಪು. ಅಲ್ಲ, ನಡುವಿನ ಸಾಲಿನಲ್ಲಿ ಮೂವರು ಬೇಕಿತ್ತು. ಮಾಮ ಅವರೊಡನೆ ವಾದಿಸುವುದೋ ನನಗೆ ತಿಳಿಸಿ ಹೇಳುವುದೋ ಎಂದು ಉಸಿರು ಕಟ್ಟಿ ಎರಡನ್ನೂ ಮಾಡುತ್ತಿದ್ದ. ಮಳೆ ಶುರುವಾಗಿ ತಗಡಿನ ಮೇಲೆ ಸದ್ದು ಹಿಡಿಯಿತು, ಯಾರೂ ಏಳಲಿಲ್ಲ. ನಾನು ಬೂಟು ಕೈಯಲ್ಲಿ ಹಿಡಿದು ಒಂದೊಂದೇ ಕಾರಣ ಕೇಳುತ್ತ ಕೂತೆ. ಇಪ್ಪತ್ತಾದರೂ ಬಂದವು. ಈಗ ಬರುತ್ತದೆ, ಇನ್ನೊಂದು ಗಳಿಗೆಗೆ ಬರುತ್ತದೆ ಎಂದು ನಾನು ಕಾಯುತ್ತಿದ್ದ ಕಾರಣ ಬರಲೇ ಇಲ್ಲ.

ಬ್ರೆಂಡಾ ಉಳಿದ ಚಹಾವನ್ನು ನನ್ನ ಲೋಟಕ್ಕೆ ಬಗ್ಗಿಸಿ ಏನೋ ಕೇಳಿದಳು. ಕೆನ್ ಕೂಡ ನನ್ನ ಕಡೆ ನೋಡಿದರು.

"ನೀವೇನಂತೀರಿ ಅಂತ ಕೇಳಾಕತ್ತಾರ್ರಿ ಅತ್ತಿಯವ್ರ" ಅಂದ ಮಾಮ. "ತಪ್ಪು ಯಾರದು?"

ನಂದು ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. ಒಂಬತ್ತು ವರ್ಷದಿಂದ ಅಲ್ಲೇ ಇತ್ತು. ಅವರ ಮುಖ ನೋಡಿದೆ. ಅವರು ಕೇಳಿದ್ದು ಆಟದ ಬಗ್ಗೆ.

ಅಳಿಯನ ಕಡೆ ತಿರುಗಿ, ಅವನ ಮುಖ ನೋಡಿಯೇ ಹೇಳಿದೆ. "ಆ ಹನ್ನೊಂದನೆಯವನ್ನ ಬಲಕ್ಕ ಕಳಿಸಿದ್ದು ತಪ್ಪಾತ್ರಿ. ನೊಗದ ಎಡಕ್ಕ ದುಡದು ರೂಢಿ ಆದ ಎತ್ತನ್ನ ಬಲಕ್ಕ ಹೂಡಿದ್ರ ಸಾಲು ಸೊಟ್ಟ ಹೊಕ್ಕಾವ. ಎತ್ತಿಗೂ ಸಿಟ್ಟು ಬರತೈತಿ, ಜೋಡಿ ಎತ್ತಿಗೂ ಬರತೈತಿ. ಹಮ್ಮಿಗ್ಯಾಗ ಯಾರನ್ನ ಬೇಕಾದ್ರೂ ಕೇಳ್ರಿ."

ಮಾಮ ಒಂದು ಕ್ಷಣ ನನ್ನನ್ನೇ ನೋಡಿದ. ಆಮೇಲೆ ಎತ್ತು, ನೊಗ, ಸಾಲು ಎಲ್ಲವನ್ನೂ ಕೈಸನ್ನೆ ಮಾಡಿ ಇಂಗ್ಲಿಷಿನಲ್ಲಿ ಹೇಳಿದ. ಬ್ರೆಂಡಾ ತೊಡೆ ತಟ್ಟಿಕೊಂಡು ಅದನ್ನೇ ತಾನೂ ಹೇಳುತ್ತಿದ್ದೆ ಅಂದಳು. ಹೇಳಿರಲಿಲ್ಲ. ಕೆನ್ ಗಡ್ಡ ತುರಿಸಿಕೊಂಡು, ತಲೆಯಾಡಿಸಿ, ನನ್ನ ಕಡೆ ಬೆರಳು ತೋರಿಸಿ ಶುರು ಮಾಡಿದರು.

"ಅವ ಎತ್ತಲ್ಲ, ಇಪ್ಪತ್ತು ವರ್ಷದ ಹುಡುಗ ಅಂತಾರ್ರಿ. ಎರಡೂ ಕಾಲಿಲೆ ಆಡಾಕ ಬರಬೇಕು ಅಂತಾರ."

"ಬರಬೇಕಂತ ಹೇಳಿದ್ರ ಬರತೈತೇನು?" ಎಂದೆ. "ಹೇಳ್ರಿ ಅವ್ರಿಗೆ."

ಮಾಮ ಹೇಳಿದ. ಕೆನ್ ಒಪ್ಪಲಿಲ್ಲ. ನಾನೂ ಬಿಡಲಿಲ್ಲ.